ಸುತ್ತಿ ಬರುತ್ತಿದ್ದ ಕಸುಬಿನವರನ್ನು ಭಿಕ್ಷುಕರೆಂದು ಬರೆಯಬೇಡಿ

ಸಂಪಾದಕರಿಗೆ,

ಮಾನ್ಯರೇ,

ಗಡಿಭಾಗದ ಹಳ್ಳಿಗಳ ಹಿಂದಿನ ಬದುಕನ್ನು ಕುರಿತು ತಮ್ಮ ಪತ್ರಿಕೆಯಲ್ಲಿ ಕಳೆದ ವಾರ ಬಂದ ಬರಹವನ್ನು ಓದಿದೆ. ಬರಹ ಚೆನ್ನಾಗಿಯೇ ಇತ್ತು. ಆದರೆ ಅದರಲ್ಲಿ ವಂಶಾವಳಿ ಓದುವ ಹೆಳವರು, ಬುಡಬುಡಿಕೆಯವರು, ದೇವಿಯ ಹಾಡು ಹಾಡುವ ಗೊಂದಲಿಗರು, ಕಬ್ಬಿಣದ ಕೆಲಸದ ಗಿಸಾಡಿಗಳು, ಬುಟ್ಟಿ ಹೆಣೆಯುವ ಕೊರವರು, ಕಲಾಯಿ ಮಾಡುವವರು ಇವರೆಲ್ಲರನ್ನೂ ಒಂದೇ ವಾಕ್ಯದಲ್ಲಿ ಸೇರಿಸಿ, ಸುಗ್ಗಿಯ ಕಾಲಕ್ಕೆ ಊರಿಗೆ ಬಂದು ‘ಭಿಕ್ಷೆ ಬೇಡಿ ಬದುಕುತ್ತಿದ್ದ ಅಲೆಮಾರಿಗಳು’ ಎಂದು ಬರೆದು ಮುಂದಕ್ಕೆ ಹೋಗಲಾಗಿದೆ. ಆ ವಾಕ್ಯದಲ್ಲಿ ಭಿಕ್ಷೆ ಎಂಬ ಮಾತೂ ತಪ್ಪು, ಅಲೆಮಾರಿ ಎಂಬ ಮಾತೂ ಅರ್ಧ ತಪ್ಪು. ಈ ತಪ್ಪನ್ನು ನಾನೂ ಒಂದು ಕಾಲಕ್ಕೆ ಮಾಡಿದವನು, ಅದೂ ಸರಕಾರಿ ದಫ್ತರಿನಲ್ಲಿ ಶಾಯಿಯಿಂದ ಬರೆದವನು. ಆದ್ದರಿಂದ ಈ ಪತ್ರ ಸ್ವಲ್ಪ ಉದ್ದವಾದರೂ ತಾವು ಸಹಿಸಿಕೊಳ್ಳಬೇಕಾಗಿ ವಿನಂತಿ.

ನಾನು ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟ ತಾಲೂಕಿನವನು. 1948ರವರೆಗೆ ಭೋಸಲೆ ಸಂಸ್ಥಾನಿಕರ ಆಡಳಿತದಲ್ಲಿದ್ದು, ಆಮೇಲೆ ಮುಂಬಯಿ ಪ್ರಾಂತಕ್ಕೆ ಸೇರಿ, 1960ರಿಂದ ಮಹಾರಾಷ್ಟ್ರ ಎನಿಸಿಕೊಂಡ ಸೀಮೆ ಇದು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ಸಂತೆಯಲ್ಲಿ ಎರಡೂ ನಡೆಯುತ್ತವೆ. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಲ್ಲಿ ಮೂವತ್ತಾರು ವರ್ಷ ಮಾಸ್ತರಿಕೆ ಮಾಡಿ ನಿವೃತ್ತನಾಗಿದ್ದೇನೆ. ಗಡಿಯ ವಾದವನ್ನು ಇಲ್ಲಿ ತೆಗೆಯುವುದಿಲ್ಲ. ಅದಕ್ಕೆ ಬೇರೆ ಪತ್ರಗಳಿವೆ, ಬರೆಯುವವರೂ ಇದ್ದಾರೆ.

ಮೊದಲು ‘ಅಲೆಮಾರಿ’ ಎಂಬ ಮಾತನ್ನು ನೋಡೋಣ. ಅಲೆಯುವವನಿಗೆ ಇಂಥ ದಿನ ಇಂಥ ಊರು ಎಂಬುದಿರುವುದಿಲ್ಲ. ನಮ್ಮೂರಿಗೆ ಬರುತ್ತಿದ್ದವರಿಗೆ ಅದು ಇತ್ತು. ದಸರೆ ಮುಗಿದು ದಾರಿಯ ಕೆಸರು ಆರಿತೆಂದರೆ ಅವರ ಸುತ್ತು ಶುರುವಾಗುತ್ತಿತ್ತು. ನಮ್ಮದು ಹಿಂಗಾರಿ ಸೀಮೆ. ಬಿಳಿಜೋಳ ಮಾಘ ಫಾಲ್ಗುಣದಲ್ಲಿ ಕೊಯ್ಲಿಗೆ ಬರುತ್ತದೆ. ಕೊಯ್ಲಿಗೆ ಮೊದಲು ಕುಡಗೋಲು ಸಾಣೆಯಾಗಬೇಕು, ಆದ್ದರಿಂದ ಗಿಸಾಡಿಗಳ ಗಾಡಿ ಸಂಕ್ರಾಂತಿಯ ಆಸುಪಾಸಿಗೆ, ಸೊಲ್ಲಾಪುರದ ಸಿದ್ಧರಾಮೇಶ್ವರನ ಗಡ್ಡಾ ಜಾತ್ರೆ ಮುಗಿಸಿಕೊಂಡು ಬರುತ್ತಿತ್ತು. ರಾಶಿ ಆದಮೇಲೆ ಹೆಳವರು ಮತ್ತು ಗೊಂದಲಿಗರು ಬರುತ್ತಿದ್ದರು, ಯಾಕೆಂದರೆ ಮನೆಯಲ್ಲಿ ಕಾಳು ಇರುವುದು ಆಗಲೇ ಮತ್ತು ಮದುವೆಗಳು ಕೂಡುವುದೂ ಆಗಲೇ. ಲಗ್ನಸರಾಯಿ ಎದುರಿಗಿದೆಯೆಂದು ಕಲಾಯಿಯವನು ಬರುತ್ತಿದ್ದ. ಮೃಗಶಿರ ಮಳೆಗೆ ಮೊದಲು ಎಲ್ಲರೂ ತಮ್ಮ ತಮ್ಮ ಮಳೆಗಾಲದ ಠಾಣ್ಯಕ್ಕೆ ಸೇರಿಬಿಡುತ್ತಿದ್ದರು. ನಮ್ಮೂರ ಬಸ್ಸು ಇಂದಿಗೂ ಇಷ್ಟು ನಿಯಮದಿಂದ ಬರುವುದಿಲ್ಲ.

ಇದರ ಹಿಂದೆ ಒಂದು ಸರಳ ಲೆಕ್ಕವಿತ್ತು. ಬಡಿಗ, ಕಮ್ಮಾರ, ಕುಂಬಾರ, ನಾವಿ, ಅಗಸ ಇವರಿಗೆ ಊರಲ್ಲಿ ವರ್ಷಪೂರ್ತಿ ಕೆಲಸವಿತ್ತು. ಆದ್ದರಿಂದ ಊರು ಅವರನ್ನು ತನ್ನಲ್ಲೇ ಇಟ್ಟುಕೊಂಡಿತು ಮತ್ತು ಕಣದಲ್ಲಿ ಅವರಿಗೆ ಆಯ ಕೊಟ್ಟಿತು. ಇತ್ತ ಮರಾಠಿಯಲ್ಲಿ ಇದನ್ನೇ ಬಲುತೆ ಎನ್ನುತ್ತಾರೆ. ಆದರೆ ನೂರು ಮನೆಯ ಊರಿನ ತಾಮ್ರ ಹಿತ್ತಾಳೆಗೆಲ್ಲ ಕಲಾಯಿ ಹಾಕಲು ಎರಡು ಮೂರು ದಿನ ಸಾಕು. ಬೀಸುಕಲ್ಲುಗಳಿಗೆ ಮುಳ್ಳು ಹೊಡೆಯಲು ಒಂದು ದಿನ. ಕಮ್ಮಾರನಿಲ್ಲದ ಸಣ್ಣ ಊರಿನ ಕಬ್ಬಿಣದ ಕೆಲಸ ನಾಲ್ಕೈದು ದಿನ. ಇಂಥ ಕಸುಬಿನವನನ್ನು ಒಂದು ಊರು ವರ್ಷಪೂರ್ತಿ ಸಾಕಲಾರದು, ಆದರೆ ಅವನಿಲ್ಲದೆ ಯಾವ ಊರಿನ ಸಂಸಾರವೂ ನಡೆಯದು. ಐವತ್ತು ಊರು ಕೂಡಿ ಒಬ್ಬನನ್ನು ಸಾಕಬೇಕಾಗಿತ್ತು, ಐವತ್ತು ಊರು ಅವನ ಕಡೆಗೆ ನಡೆಯುವುದಕ್ಕಿಂತ ಅವನೊಬ್ಬ ಐವತ್ತು ಊರಿಗೆ ನಡೆಯುವುದು ಸುಲಭವಾಗಿತ್ತು. ಹಾಗಾಗಿ ನಡೆಯುವುದು ಅವನ ಕಸುಬಿನದೇ ಒಂದು ಭಾಗವಾಗಿತ್ತು. ಕುಂಬಾರನಿಗೆ ತಿಗುರಿ ಹೇಗೋ ಅವನಿಗೆ ದಾರಿ ಹಾಗೆ.

ಕಲಾಯಿಯವನನ್ನು ನಾನು ಹತ್ತಿರದಿಂದ ಕಂಡಿದ್ದೇನೆ, ಯಾಕೆಂದರೆ ಅವನು ಕೂಡುತ್ತಿದ್ದುದು ನಮ್ಮ ಓಣಿಯ ಹನುಮಪ್ಪನ ಗುಡಿಯ ಬೇವಿನ ಮರದ ಕೆಳಗೆ. ಬಂದವನೇ ಗೇಣುದ್ದದ ಕುಣಿ ತೋಡಿ, ಆಡಿನ ಚರ್ಮದ ತಿದಿಯ ಮೂತಿಯನ್ನು ಅದಕ್ಕೆ ಹೊಂದಿಸಿ, ಇದ್ದಿಲು ಹಾಕಿ ಬೆಂಕಿ ಮಾಡುತ್ತಿದ್ದ. ಅವನ ಮಗ, ನನ್ನದೇ ವಯಸ್ಸಿನವನು, ದೊಡ್ಡ ಹಂಡೆಯೊಳಗೆ ಉಸುಕು ಮತ್ತು ಚಿಂದಿ ಬಟ್ಟೆ ಹಾಕಿಕೊಂಡು ಅದರಲ್ಲಿ ಇಳಿದು ನಿಂತು, ಗುಡಿಯ ಗೋಡೆಯನ್ನು ಎರಡೂ ಕೈಯಿಂದ ಹಿಡಿದು, ಸೊಂಟವನ್ನು ಅತ್ತಿತ್ತ ತಿರುಗಿಸುತ್ತ ಕಾಲಿನಿಂದಲೇ ಹಂಡೆಯ ಒಳಮೈಯನ್ನು ತಿಕ್ಕುತ್ತಿದ್ದ. ನಾವು ಹುಡುಗರು ಅದನ್ನು ಕುಣಿತವೆಂದು ನಗುತ್ತಿದ್ದೆವು. ಪಾತ್ರೆ ಕಾದು ಹದಕ್ಕೆ ಬಂದಾಗ ತಂದೆ ನವಸಾಗರದ ಪುಡಿಯನ್ನು ಚಿಮುಕಿಸುತ್ತಿದ್ದ. ಬೆಳ್ಳಗಿನ ಹೊಗೆ ಎದ್ದು ಮೂಗು ಉರಿಯುತ್ತಿತ್ತು. ಆ ಹೊಗೆಯ ನಡುವೆಯೇ ತವರದ ಕಡ್ಡಿಯನ್ನು ಒಂದೆರಡು ಕಡೆ ತಾಗಿಸಿ, ಅರಳೆಯ ಉಂಡೆಯಿಂದ ಸರ್ರನೆ ಒಂದು ಸುತ್ತು ಎಳೆದನೆಂದರೆ ಕಪ್ಪಾಗಿದ್ದ ಪಾತ್ರೆಯ ಒಳಗು ಬೆಳ್ಳಿಯಂತಾಗುತ್ತಿತ್ತು. ಕೂಡಲೇ ನೀರಿಗೆ ಅದ್ದುತ್ತಿದ್ದ. ತವರ ಎಷ್ಟು ಕಡಿಮೆ ಹೋಗುತ್ತದೋ ಅಷ್ಟು ಅವನ ಲಾಭ, ಎಷ್ಟು ತೆಳ್ಳಗಾಗುತ್ತದೋ ಅಷ್ಟು ಬೇಗ ನಮ್ಮ ಸಾರು ಕಿಲುಬು ಹಿಡಿಯುತ್ತದೆ. ಈ ಎರಡರ ನಡುವಿನ ಜಗ್ಗಾಟವನ್ನೆಲ್ಲ ನಮ್ಮವ್ವ ಪಾತ್ರೆಯನ್ನು ಬಿಸಿಲಿಗೆ ಹಿಡಿದು ಒಳಗೆ ಇಣುಕಿ ನೋಡಿ ಒಂದೇ ಮಾತಿನಲ್ಲಿ ತೀರಿಸುತ್ತಿದ್ದಳು: ‘ತಳದಾಗ ಇನ್ನೊಂದು ಕೈ ಹಾಕು, ಇಲ್ಲಾಂದ್ರ ರೊಕ್ಕ ಮುಂದಿನ ವರ್ಷ.’ ಅವನು ಹಾಕಿ ಕೊಡುತ್ತಿದ್ದ. ಮುಂದಿನ ವರ್ಷ ಬರುತ್ತಾನೆಂದು ಅವಳಿಗೂ ಗೊತ್ತು, ಬರಬೇಕೆಂದು ಅವನಿಗೂ ಗೊತ್ತು. ಇದರಲ್ಲಿ ಭಿಕ್ಷೆ ಎಲ್ಲಿದೆ ಎಂದು ತಮ್ಮ ಲೇಖಕರನ್ನು ಕೇಳಬೇಕೆನಿಸುತ್ತದೆ. ಸ್ಟೀಲಿನ ಪಾತ್ರೆಗಳು ಮನೆಮನೆಗೆ ಬಂದ ಮೇಲೆ ಅವನು ಬರುವುದು ನಿಂತಿತು.

ಗಿಸಾಡಿಗಳದು ಇನ್ನೊಂದು ಬಗೆ. ಇವರನ್ನು ಬೈಲುಕಮ್ಮಾರರೆಂದೂ ಕರೆಯುತ್ತಾರೆ. ಗಂಡಸು ಕೂತು ಇಕ್ಕಳದಲ್ಲಿ ಕೆಂಪಗಾದ ಕಬ್ಬಿಣವನ್ನು ಹಿಡಿದು ತಿರುಗಿಸುತ್ತಿದ್ದ. ನಿಂತು ದೊಡ್ಡ ಸುತ್ತಿಗೆ ಎತ್ತಿ ಹೊಡೆಯುತ್ತಿದ್ದವಳು ಅವನ ಹೆಂಡತಿ. ಹೆಂಗಸು ಕಬ್ಬಿಣ ಬಡಿಯುವುದನ್ನು ನಮ್ಮೂರಿನವರು ಬೇರೆಲ್ಲೂ ಕಂಡಿರಲಿಲ್ಲವಾದ್ದರಿಂದ ಅದನ್ನು ನೋಡಲೆಂದೇ ಜನ ಸೇರುತ್ತಿದ್ದರು. ಕುಡಗೋಲಿಗೆ ‘ನೀರು ಕುಡಿಸುವ’ ಹದ, ಎಂದರೆ ಕಾಯ್ದ ಬಾಯಿಯನ್ನು ಯಾವ ಬಣ್ಣಕ್ಕೆ ಬಂದಾಗ ನೀರಿಗೆ ಅದ್ದಬೇಕು ಎಂಬುದು, ಅವರ ಕಣ್ಣಿನ ವಿದ್ಯೆ. ತುಸು ಮೊದಲಾದರೆ ಬಾಯಿ ಮುರಿಯುತ್ತದೆ, ತುಸು ತಡವಾದರೆ ಮಡಚುತ್ತದೆ. ಕೂಲಿ ಜೋಳದಲ್ಲಿ, ಕುರ್ಚಿಗಿಗೆ ಇಷ್ಟು, ಕೊಡಲಿಗೆ ಇಷ್ಟು, ಕುಳ ಮೊನೆ ಮಾಡಲು ಇಷ್ಟು ಶೇರು ಎಂದು ಮೊದಲೇ ಮಾತಾಗಿರುತ್ತಿತ್ತು.

ವಡ್ಡರು ಬಾವಿ ತೋಡಿದರು, ಕೆರೆಯ ಏರಿ ಕಟ್ಟಿದರು, ಬೀಸುಕಲ್ಲು ಒರಳುಕಲ್ಲು ಕೆತ್ತಿದರು. ಕೊರವರು ಮತ್ತು ಕೈಕಾಡಿಗಳು ಕಾಳು ತುಂಬುವ ಗುಮ್ಮಿ, ಬುಟ್ಟಿ, ಸಿಂದಿಯ ಗರಿಯ ಕಸಬರಿಗೆ ಕೊಟ್ಟರು. ಕೊರವಂಜಿಯರು ಹಚ್ಚೆ ಹಾಕಿದರು. ಪಿಂಜಾರರು ಬಿಲ್ಲು ಮೀಟಿ ಗಾದಿಯ ಅರಳೆಯನ್ನು ಹಿಂಜಿ ಕೊಟ್ಟರು. ಕುರುಬರು ಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸಿ, ಗೊಬ್ಬರಕ್ಕೆ ಪ್ರತಿಯಾಗಿ ಕಾಳು ಪಡೆದರು. ಈ ಒಂದು ವ್ಯವಹಾರ ನಮ್ಮಲ್ಲಿ ಇನ್ನೂ ನಡೆದಿದೆ, ಈಗ ಕಾಳಿನ ಬದಲು ರೊಕ್ಕ ಎಂಬಷ್ಟೇ ಫರಕು. ಲಂಬಾಣಿಗಳು ಎತ್ತಿನ ಮೇಲೆ ಉಪ್ಪು ಮತ್ತು ಧಾನ್ಯ ಹೇರಿಕೊಂಡು ಘಟ್ಟ ದಾಟಿ ಬರುತ್ತಿದ್ದ ಕಾಲವನ್ನು ನನ್ನ ಅಜ್ಜನೂ ಕಂಡಿರಲಿಲ್ಲ. ರೈಲು 1860ರಲ್ಲಿ ಸೊಲ್ಲಾಪುರಕ್ಕೂ 1871ರಲ್ಲಿ ರಾಯಚೂರಿಗೂ ಬಂದಮೇಲೆ ಆ ಹೇರಿನ ವ್ಯಾಪಾರಕ್ಕೆ ಉಸಿರು ಉಳಿಯಲಿಲ್ಲ. ನಮ್ಮ ದುಧನಿ ಸ್ಟೇಷನ್ನಿನಲ್ಲಿ ಇಂದು ತೊಗರಿಯ ಚೀಲಗಳ ನಡುವೆ ಹಮಾಲಿ ಮಾಡುವವರಲ್ಲಿ ಲಂಬಾಣಿ ಮಾತು ಕೇಳಿದಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಇಷ್ಟೆಲ್ಲ ಕೈಕಸುಬಿನವರಾದರು. ಹಾಡುವವರು, ಹೇಳುವವರು, ಆಡುವವರು ಭಿಕ್ಷುಕರಲ್ಲವೇ ಎಂದು ಕೇಳಬಹುದು. ತಮ್ಮ ಲೇಖಕರ ಮನಸ್ಸಿನಲ್ಲಿದ್ದವರು ಇವರೇ ಇರಬೇಕು. ಗೊಂದಲಿಗರನ್ನು ತೆಗೆದುಕೊಳ್ಳಿ. ತುಳಜಾಪುರದ ಭವಾನಿಯ ಒಕ್ಕಲಾದ ಮನೆಯಲ್ಲಿ ಮದುವೆಯಾದರೆ ಗೊಂದಲ ಹಾಕಿಸಲೇಬೇಕು. ಅದಿಲ್ಲದೆ ಮದುವೆ ಪೂರ್ತಿಯಾಗದು. ದಿವಟಿಗೆ ಹಿಡಿದು, ಸಂಬಾಳ ಬಾರಿಸಿ, ರಾತ್ರಿಯಿಡೀ ಹಾಡುವುದಕ್ಕೆ ಕರೆಯುವವರು ನಾವು, ವೀಳ್ಯ ಕೊಡುವವರು ನಾವು. ಪುರೋಹಿತರಿಗೆ ಕೊಟ್ಟದ್ದು ದಕ್ಷಿಣೆ, ಇವರಿಗೆ ಕೊಟ್ಟದ್ದು ಭಿಕ್ಷೆ ಎನ್ನುವುದಾದರೆ ಆ ವ್ಯತ್ಯಾಸ ಕೊಟ್ಟವನ ಮನಸ್ಸಿನಲ್ಲಿದೆಯೇ ಹೊರತು ಮಾಡಿದ ಕೆಲಸದಲ್ಲಿಲ್ಲ. ಬುಡಬುಡಿಕೆಯವನು ಬೆಳಗಿನ ಜಾವ ಬಂದು ಹಾಲಕ್ಕಿ ನುಡಿಯಿತೆಂದು ಹೇಳಿದ ಭವಿಷ್ಯವನ್ನು ನಾನು ನಂಬಿದವನಲ್ಲ. ಕರಡಿ ಆಡಿಸುವುದು ನಿಂತದ್ದು ಕರಡಿಯ ಮಟ್ಟಿಗೆ ಒಳ್ಳೆಯದೇ ಆಯಿತೆಂದೂ ತಿಳಿದಿದ್ದೇನೆ. ದುರಗಮುರಗಿಯವನು ಚಾಟಿಯಿಂದ ಮೈ ಹೊಡೆದುಕೊಳ್ಳುವುದನ್ನು ಮಕ್ಕಳ ಮುಂದೆ ಹೊಗಳಲಾರೆ. ಎಲ್ಲವೂ ಚೆಂದವಿತ್ತೆಂದು ನಾನು ಹೇಳುತ್ತಿಲ್ಲ. ಆದರೆ ಇವರಲ್ಲಿ ಯಾರೂ ಏನೂ ಕೊಡದೆ ಕೈಚಾಚಿದವರಲ್ಲ.

ಅವರನ್ನು ಭಿಕ್ಷುಕರೆಂದು ಕರೆದವರು ಜನರಿಗಿಂತ ಮುಂಚೆ ಕಾಯದೆ ಮಾಡಿದವರು. 1959ರ ಮುಂಬಯಿ ಭಿಕ್ಷಾಟನೆ ನಿರ್ಬಂಧ ಕಾಯದೆಯು, ಹಾಡುವುದು, ಕುಣಿಯುವುದು, ಭವಿಷ್ಯ ಹೇಳುವುದು, ಆಟ ತೋರಿಸುವುದು, ಕೊನೆಗೆ ಏನಾದರೊಂದು ಸಾಮಾನು ಮಾರಲು ಹಿಡಿಯುವುದು ಇವುಗಳ ನೆಪದಲ್ಲಿ ಸಾರ್ವಜನಿಕ ಸ್ಥಳದಲ್ಲಿ ದಾನ ಪಡೆಯುವುದನ್ನೂ ಭಿಕ್ಷಾಟನೆಯ ವ್ಯಾಖ್ಯೆಯಲ್ಲೇ ಸೇರಿಸಿತು. ಹಾಡುವವನ ಹಾಡು ಕಸುಬೋ ನೆಪವೋ ಎಂಬುದನ್ನು ತೀರ್ಮಾನಿಸುವವನು ಪೊಲೀಸನಾದ. ಅದಕ್ಕೂ ಮುಂಚಿನ ಕಥೆ ಇನ್ನೂ ಕಹಿ. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯದೆ, 1911ರಲ್ಲಿ ಮುಂಬಯಿ ಮದ್ರಾಸು ಪ್ರಾಂತಗಳಿಗೂ ವಿಸ್ತರಿಸಿದ ಮೇಲೆ, ಹುಟ್ಟಿದ ಜಾತಿಯ ಕಾರಣಕ್ಕೇ ಒಬ್ಬನನ್ನು ಕಳ್ಳನೆಂದು ಹಿಡಿದಿಡುವ ಅಧಿಕಾರ ಕೊಟ್ಟಿತು. ಸೊಲ್ಲಾಪುರದಲ್ಲಿ ತಂತಿಬೇಲಿ ಹಾಕಿ ಕೈಕಾಡಿ, ಪಾರಧಿ, ಗಂಟಿಚೋರ ಮೊದಲಾದವರನ್ನು ಕೂಡಿಹಾಕಿ, ಹಾಜರಿ ತೆಗೆದು, ಗಿರಣಿಗಳಿಗೆ ಕೆಲಸಕ್ಕೆ ಕಳಿಸುತ್ತಿದ್ದರು. ಹುಬ್ಬಳ್ಳಿ ಗದಗಗಳಲ್ಲೂ ಇಂಥ ಸೆಟ್ಲಮೆಂಟುಗಳು ಇದ್ದವು. ಕಾಯದೆ 1952ರ ಆಗಸ್ಟ್ 31ಕ್ಕೆ ರದ್ದಾಯಿತು, ಆ ದಿನವನ್ನು ಅವರು ಇಂದಿಗೂ ವಿಮುಕ್ತ ದಿನವೆಂದು ಆಚರಿಸುತ್ತಾರೆ. ಸೊಲ್ಲಾಪುರದಲ್ಲಿ ಆ ಭಾಗವನ್ನು ಇಂದಿಗೂ ಸೆಟ್ಲಮೆಂಟ್ ಎಂದೇ ಕರೆಯುತ್ತಾರೆ. ಆಟೋದವರಿಗೆ ಹಾಗೆ ಹೇಳಿದರೇ ತಿಳಿಯುವುದು.

ಈಗ ಹೆಳವರ ಮಾತಿಗೆ ಬರುತ್ತೇನೆ. ನನಗೆ ಹೇಳಬೇಕಾದದ್ದು ಮುಖ್ಯವಾಗಿ ಇದೇ.

ಹೆಳವ ಎಂದರೆ ಕುಂಟ. ಹಿಂದೆ ಅವರು ಎತ್ತಿನ ಮೇಲೆ ಕೂತು, ಕಾಲುಗಳನ್ನು ಕಂಬಳಿಯಿಂದ ಮುಚ್ಚಿಕೊಂಡು, ಗಂಟೆ ಬಾರಿಸುತ್ತ ಬರುತ್ತಿದ್ದರು. ಅವರ ಕಸುಬು ಒಕ್ಕಲುಮನೆಗಳ ವಂಶಾವಳಿ ಕಾಯುವುದು. ಮೂರು ವರ್ಷಕ್ಕೋ ಐದು ವರ್ಷಕ್ಕೋ ಒಮ್ಮೆ ಬಂದು, ಕಟ್ಟೆಯ ಮೇಲೆ ಕೂತು, ಆ ಮನೆಯ ಮೂಲಪುರುಷನಿಂದ ಹಿಡಿದು ತೊಟ್ಟಿಲಿನ ಕೂಸಿನವರೆಗೆ ಹೆಸರುಗಳನ್ನು ರಾಗವಾಗಿ ಓದುತ್ತಾರೆ. ಯಾವ ಊರಿನಿಂದ ಬಂದವರು, ಯಾವ ಬೆಡಗು, ಯಾರು ಯಾವ ಕಾಳಗದಲ್ಲಿ ಬಿದ್ದರು, ಯಾವ ಅಣ್ಣತಮ್ಮಂದಿರು ಬೇರೆಯಾಗಿ ಎತ್ತ ಹೋದರು ಎಂಬುದೆಲ್ಲ ಅದರಲ್ಲಿ ಬರುತ್ತದೆ. ಕಳೆದ ಸಲ ಬಂದು ಹೋದಮೇಲೆ ಹುಟ್ಟಿದವರ ಹೆಸರನ್ನು ಬರೆದುಕೊಂಡು ಹೋಗುತ್ತಾರೆ. ತಾಮ್ರದ ಪಟ ಮತ್ತು ಓಲೆಗರಿಗಳ ಕಾಲ ಹೋಗಿ ಈಗ ಚೋಪಡಿಗಳ ಕಾಲ. ಪ್ರತಿ ಹೆಳವನಿಗೆ ಇಂತಿಂಥ ಮನೆಗಳೆಂದು ತಮ್ಮೊಳಗೇ ಹಂಚಿಕೆಯಿದೆ, ಒಬ್ಬನ ಮನೆಗೆ ಇನ್ನೊಬ್ಬ ಹೋಗುವಂತಿಲ್ಲ. ಕಾಳು, ಬಟ್ಟೆ, ಅನುಕೂಲವಿದ್ದವರು ಒಂದು ಆಕಳೋ ಹೋರಿಯೋ ಕೊಡುತ್ತಿದ್ದರು.

1986ರ ಬೇಸಿಗೆಯಲ್ಲಿ ನಾನು ಅಕ್ಕಲಕೋಟ ಪಟ್ಟಣದಲ್ಲಿ ಬಾಡಿಗೆ ಮನೆಯಲ್ಲಿದ್ದೆ. ಒಂದು ಮಧ್ಯಾಹ್ನ ಬಾಗಿಲಲ್ಲಿ ಬಿಳಿ ಪಟಕಾ ಸುತ್ತಿದ ಮುದುಕರೊಬ್ಬರು, ಕೆಂಪು ಬಟ್ಟೆಯಲ್ಲಿ ಕಟ್ಟಿದ ಗಂಟೊಂದನ್ನು ಬಗಲಲ್ಲಿಟ್ಟುಕೊಂಡು ನಿಂತಿದ್ದರು. ನಾನು ಉತ್ತರಪತ್ರಿಕೆ ನೋಡುತ್ತಿದ್ದೆ. ಎದ್ದು ಹೋಗಿ ಎಂಟಾಣೆ ಕೊಟ್ಟು ‘ಮುಂದ ಹೋಗ್ರಿ’ ಎಂದೆ. ಅವರು ನಾಣ್ಯ ಮುಟ್ಟಲಿಲ್ಲ. ‘ಯಪ್ಪಾ, ಬೇಡಾಕ ಬಂದಿಲ್ಲ. ನಿಮ್ಮ ಮನಿ ಹೆಸರ ಓದಾಕ ಬಂದೀನಿ. ಊರಾಗ ನಿಮ್ಮ ಅಣ್ಣಾರು ಓದಿಸ್ಕೊಂಡ್ರು, ತಮ್ಮನ ಮಕ್ಕಳ ಹೆಸರ ಬರಕೊಂಡು ಹೋಗು ಅಂತ ಇಲ್ಲಿಗೆ ಕಳಿಸ್ಯಾರ’ ಎಂದರು. ನಾನು ನಾಚಿಕೆಯಿಂದ ಒಳಗೆ ಕರೆದೆ. ಅವರು ಚಾಪೆಯ ಮೇಲೆ ಕೂತು ನೀರು ಕುಡಿದು ಗಂಟು ಬಿಚ್ಚಿ ಓದತೊಡಗಿದರು. ಒಂಬತ್ತು ತಲೆಮಾರು. ನಮ್ಮ ಮನೆತನ ಮೂಲತಃ ಭೀಮೆಯ ಆಚೆಯ ಇಂಡಿ ಸೀಮೆಯದೆಂದೂ, ಧಾತು ಸಂವತ್ಸರದ ಬರದಲ್ಲಿ, ಎಂದರೆ 1876-77ರಲ್ಲಿ, ಅಣ್ಣತಮ್ಮಂದಿರು ಇಬ್ಬರು ಹೊಳೆ ದಾಟಿ ಬಂದರೆಂದೂ, ಹಿರಿಯವ ಇಲ್ಲಿ ನಿಂತು ಕಿರಿಯವ ಬಾರ್ಶಿಯ ಕಡೆ ಹೋದನೆಂದೂ ಅದರಲ್ಲಿತ್ತು. ತಲಾಠಿಯ, ಎಂದರೆ ಊರಿನ ಕಂದಾಯ ಲೆಕ್ಕಿಗನ, ದಫ್ತರಿನಲ್ಲಿ ನಮಗೆ ಸಿಕ್ಕಿದ್ದು ಮೂರು ತಲೆಮಾರು ಮಾತ್ರ. ನಾನು ಎಂಟಾಣೆ ಕೊಟ್ಟು ಕಳಿಸಲಿದ್ದವರ ಬಗಲಲ್ಲಿ ಉಳಿದ ಆರು ಇದ್ದವು.

ಅವರ ಜೊತೆ ಹತ್ತು ವರ್ಷದ ಮೊಮ್ಮಗನಿದ್ದ. ಶಾಲೆಗೆ ಹೋಗುತ್ತಾನೆಯೇ ಎಂದು ಕೇಳಿದೆ. ‘ನಿಮ್ಮ ಸಾಲ್ಯಾಗs ಇದ್ದ’ ಎಂದರು. ಮರುದಿನ ಶಾಲೆಯ ರಜಿಸ್ಟರ್ ತೆಗೆದು ನೋಡಿದೆ. ಮೂರು ವರ್ಷದ ಹಿಂದೆ ಅವರು ಮಳೆಗಾಲಕ್ಕೆ ನಮ್ಮ ಸೀಮೆಯಲ್ಲಿ ಬೀಡುಬಿಟ್ಟಾಗ ಹುಡುಗನನ್ನು ಒಂದನೆಯ ಇಯತ್ತೆಗೆ ಹಚ್ಚಿದ್ದರು. ತಂದೆಯ ಉದ್ಯೋಗದ ಕಲಮಿನಲ್ಲಿ ‘ಭಿಕ್ಷೆ’ ಎಂದಿತ್ತು. ಅಕ್ಷರ ನನ್ನದೇ. ದಸರೆಯ ನಂತರ ಸುತ್ತು ಶುರುವಾಗಿ ಹುಡುಗ ಗೈರುಹಾಜರಾದದ್ದರಿಂದ, ಷರಾ ಕಲಮಿನಲ್ಲಿ ‘ಹೆಸರು ಕಮ್ಮಿ ಮಾಡಿದೆ’, ಎಂದರೆ ಹೆಸರು ತೆಗೆದುಹಾಕಿದೆ, ಎಂದಿತ್ತು. ಅದೂ ನನ್ನದೇ ಅಕ್ಷರ. ನನ್ನ ನೌಕರಿಯಲ್ಲಿ ಹೀಗೆ ಎಷ್ಟು ಹೆಸರು ಕಮ್ಮಿ ಮಾಡಿದ್ದೇನೋ ಲೆಕ್ಕ ಇಟ್ಟಿಲ್ಲ. 1972ರ ಬರಗಾಲದ ನಂತರದ ವರ್ಷಗಳಲ್ಲಿ ಖಡಿ ಒಡೆಯುವ ಕಾಮಗಾರಿಗಳಿಗೆ ಬಂದ ವಡ್ಡರ ಮಕ್ಕಳದಂತೂ ಪಾನು ಪಾನೇ ಇದ್ದವು.

ಆ ಒಂದು ಗೆರೆ ಎಷ್ಟು ದುಬಾರಿಯೆಂದು ಆಗ ನನಗೆ ತಿಳಿದಿರಲಿಲ್ಲ. ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ ಮತ್ತು ಭಟಕ್ಯಾ ಜಮಾತಿ (ಅಲೆಮಾರಿ ಪಂಗಡ) ಎಂಬ ವರ್ಗಗಳಿಗೆ ಶಿಕ್ಷಣದಲ್ಲಿ ನೌಕರಿಯಲ್ಲಿ ಪ್ರತ್ಯೇಕ ಮೀಸಲಾತಿಯಿದೆ; ವಿಮುಕ್ತ ಜಾತಿಗಳಿಗೆ ಶೇಕಡಾ 3, ಹೆಳವರು, ಗೊಂದಲಿಗರು, ಗಿಸಾಡಿಗಳು ಬರುವ ಭಟಕ್ಯಾ ಜಮಾತಿ ‘ಬ’ ಗುಂಪಿಗೆ ಶೇಕಡಾ 2.5. ಇದು ಒಳ್ಳೆಯದೇ. ಆದರೆ ಜಾತಿ ದಾಖಲೆ ಪಡೆಯಬೇಕಾದರೆ ತನ್ನ ಕುಟುಂಬ 1961ರ ನವೆಂಬರ್ 21ಕ್ಕೆ ಮೊದಲಿನಿಂದ ಈ ರಾಜ್ಯದ ರಹಿವಾಸಿ ಎಂಬುದಕ್ಕೆ ಪುರಾವೆ ಕೊಡಬೇಕು. ಹೊಲ ಇದ್ದವನಿಗೆ ಸಾತಬಾರಾ ಎಂಬ ಹೊಲದ ಉತಾರೆ ಇದೆ, ಮನೆ ಇದ್ದವನಿಗೆ ಮನೆಪಟ್ಟಿ ಇದೆ, ಊರಲ್ಲಿ ಹುಟ್ಟಿದವನಿಗೆ ಜನನದ ನೋಂದಣಿ ಇದೆ. ನಡೆಯುವುದೇ ಕಸುಬಾದವನಿಗೆ ಉಳಿದದ್ದು ಶಾಲೆಯ ದಾಖಲೆ ಒಂದೇ, ಅದರಲ್ಲೂ ಅಜ್ಜ ಅಪ್ಪಂದಿರದು. ಅದನ್ನು ನಮ್ಮಂಥ ಮಾಸ್ತರರು ಕಮ್ಮಿ ಮಾಡಿ ಇಟ್ಟಿದ್ದೇವೆ. ತನ್ನ ಸುತ್ತಿನ ಊರುಗಳ ವಂಶಾವಳಿಯನ್ನು ಬಗಲಲ್ಲಿ ಹೊತ್ತು ತಿರುಗುವವನ ಬಳಿ, ಅವನ ಅಪ್ಪ ಎಲ್ಲಿದ್ದನೆಂಬುದಕ್ಕೆ ಒಂದು ಕಾಗದ ಇಲ್ಲ.

ಗಡಿಯಲ್ಲಿರುವವರಿಗೆ ಇದು ಇನ್ನೂ ಇಕ್ಕಟ್ಟು. 1956ರಲ್ಲಿ ಭಾಷೆಯ ಲೆಕ್ಕದಲ್ಲಿ ರಾಜ್ಯಗಳನ್ನು ಹಂಚಿದಾಗ, ಈ ಜನರನ್ನು ಯಾವ ಭಾಷೆಯವರೆಂದು ಎಣಿಸಬೇಕಾಗಿತ್ತು? ಮಹಾರಾಷ್ಟ್ರದ ವಡ್ಡರ ಮನೆಮಾತು ತೆಲುಗಿನ ಬಗೆಯದು, ಕೈಕಾಡಿಗಳದು ತಮಿಳಿಗೆ ಹತ್ತಿರದ್ದು, ಕರ್ನಾಟಕದಲ್ಲಿ ತೊಗಲುಗೊಂಬೆ ಆಡಿಸುವ ಕಿಳ್ಳಿಕ್ಯಾತರು ಮನೆಯಲ್ಲಾಡುವುದು ಮರಾಠಿಯ ಒಂದು ಬಗೆ. ಭೀಮೆಯ ಎರಡೂ ದಂಡೆಯ ಊರುಗಳು ಅವರಿಗೆ ಒಂದೇ ಸುತ್ತಿನಲ್ಲಿ ಬರುತ್ತಿದ್ದವು. ಬೇಸಿಗೆಯಲ್ಲಿ ಹೊಳೆ ಇಳಿದಾಗ ಕತ್ತೆಗಳನ್ನು ಹೊಡೆದುಕೊಂಡು ದಾಟಿ ಬರುತ್ತಿದ್ದವರಿಗೆ ಅಲ್ಲಿ ರಾಜ್ಯದ ಗಡಿ ಬಂದಿದೆಯೆಂದು ಕಾಣುವ ಬಗೆಯೇ ಇರಲಿಲ್ಲ. ಆದರೆ ಪಟ್ಟಿಗಳು ಬೇರೆಯಾದವು. ವಡ್ಡರು ಆ ದಂಡೆಯಲ್ಲಿ ಪರಿಶಿಷ್ಟ ಜಾತಿ, ಈ ದಂಡೆಯಲ್ಲಿ ವಿಮುಕ್ತ ಜಾತಿ. ಲಂಬಾಣಿಗಳು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ, ಆಂಧ್ರ ತೆಲಂಗಾಣಗಳಲ್ಲಿ ಪರಿಶಿಷ್ಟ ಪಂಗಡ. ಇಂಡಿಯಲ್ಲಿ ಹುಟ್ಟಿದ ತಂದೆ, ಅಕ್ಕಲಕೋಟದಲ್ಲಿ ಹುಟ್ಟಿದ ಮಗ ಎಂದಾದರೆ ಇಬ್ಬರಿಗೂ ಎರಡೂ ಕಡೆಯ ಕಚೇರಿಯಲ್ಲಿ ಸಿಗುವ ಉತ್ತರ ಒಂದೇ: ‘ಆ ಕಡೆ ಕೇಳಿ.’ ಈ ಜನರ ಪರಿಸ್ಥಿತಿಯನ್ನು ನೋಡಲೆಂದೇ ಕೇಂದ್ರ ಸರಕಾರ ನೇಮಿಸಿದ, ಬಾಳಕೃಷ್ಣ ರೇಣಕೆಯವರ ಅಧ್ಯಕ್ಷತೆಯ ಆಯೋಗ 2008ರಲ್ಲಿ ವರದಿ ಕೊಟ್ಟಿತು. ಆಮೇಲೆ ಭಿಕೂ ಇದಾತೆಯವರ ಆಯೋಗವೂ ಬಂದು ಹೋಯಿತು. ನಮ್ಮ ತಾಲೂಕಿನ ಹೆಳವ ಹುಡುಗರು ಇನ್ನೂ ತಹಸೀಲಿಯ ಮೆಟ್ಟಿಲ ಮೇಲೆ ಕೂತಿದ್ದಾರೆ.

ಹಾಗೆ ಕೂತವರಲ್ಲಿ ಒಬ್ಬನಿಗೆ ಹೋದ ವರ್ಷ ಅರ್ಜಿ ಬರೆದುಕೊಡಲು ನಾನೇ ಜೊತೆಗೆ ಹೋಗಿದ್ದೆ. ಒಳಗಿದ್ದ ಕಾರಕೂನ ಕಾಗದ ನೋಡಿ, ತಂದೆಯ ಉದ್ಯೋಗ ಏನೆಂದು ಕೇಳಿದ. ಹುಡುಗ ‘ವಂಶಾವಳಿ ಓದುವುದು’ ಎಂದ. ಅಂಥ ಉದ್ಯೋಗ ಕಂಪ್ಯೂಟರಿನ ಯಾದಿಯಲ್ಲಿ ಇಲ್ಲ ಎಂದು ಕಾರಕೂನ ಹೇಳಿದ. ಯಾದಿಯಲ್ಲಿ ಹತ್ತಿರದ್ದು ಯಾವುದಿದೆ ಎಂದು ನಾನು ಕೇಳಿದೆ. ಅವನು ಪರದೆಯ ಮೇಲೆ ಸ್ವಲ್ಪ ಹೊತ್ತು ಹುಡುಕಿ ಹೇಳಿದ ಶಬ್ದ ತಮ್ಮ ಪತ್ರಿಕೆ ಬಳಸಿದ್ದೇ. ಆದ್ದರಿಂದಲೇ, ಒಂದು ಶಬ್ದಕ್ಕೆ ಇಷ್ಟು ಉದ್ದದ ಪತ್ರವೇ ಎಂದು ತಾವು ಕೇಳಲಾರಿರೆಂದು ನಂಬಿದ್ದೇನೆ. ಪತ್ರಿಕೆಯಲ್ಲಿ ಬಂದದ್ದು ಶಾಲೆಯ ಪಾಠಕ್ಕೆ ಹೋಗುತ್ತದೆ, ಪಾಠ ಓದಿದವರೇ ನಾಳೆ ಕಚೇರಿಯಲ್ಲಿ ಕೂಡುತ್ತಾರೆ.

ತಮ್ಮಲ್ಲಿ ನನ್ನ ವಿನಂತಿ ಎರಡು. ಆ ಬರಹದ ವಾಕ್ಯಕ್ಕೆ ತಿದ್ದುಪಡಿ ಹಾಕಿ, ಈ ಜನರನ್ನು ಅವರವರ ಕಸುಬಿನ ಹೆಸರಿನಿಂದ ಬರೆಯಬೇಕು. ಮತ್ತು, ಎರಡೂ ರಾಜ್ಯಗಳ ಗಡಿ ತಾಲೂಕುಗಳಲ್ಲಿ ಈ ಸುತ್ತಿನವರು ಯಾವ ಊರಿಗೆ ಎಂದಿನಿಂದ ಬರುತ್ತಿದ್ದರೆಂಬುದನ್ನು ಬಲ್ಲ ಹಿರಿಯರು ಇನ್ನೂ ಬದುಕಿದ್ದಾರೆ. ಅವರ ಹೇಳಿಕೆಯನ್ನು ಊರಿನ ಗ್ರಾಮಸಭೆಯಲ್ಲಿ ಪಂಚನಾಮೆ ಮಾಡಿ ಪುರಾವೆಯಾಗಿ ಹಿಡಿಯಬೇಕೆಂಬ ಮಾತನ್ನು ತಾವು ಸಂಪಾದಕೀಯದಲ್ಲಿ ಎತ್ತಬೇಕು. 1961ರಲ್ಲಿ ಹತ್ತು ವರ್ಷದವರಾಗಿದ್ದವರು ಈಗ ಎಪ್ಪತ್ತು ದಾಟಿದ್ದಾರೆ. ಬಹಳ ದಿನ ಕಾಯುವಂತಿಲ್ಲ.

ಕಳೆದ ಯುಗಾದಿಯ ಮುಂದೆ ಅದೇ ಹೆಳವರ ಮೊಮ್ಮಗ, ಈಗ ನಡುವಯಸ್ಸಿನವರು, ಮೋಟಾರ್ ಸೈಕಲ್ಲಿನ ಮೇಲೆ ಬಂದಿದ್ದರು. ಗಂಟು ಅದೇ ಕೆಂಪು ಬಟ್ಟೆಯದು. ನನ್ನ ಮೊಮ್ಮಗಳ ಹೆಸರು ಬರೆಯಿಸಿದೆ. ಹೆಣ್ಣುಮಕ್ಕಳ ಹೆಸರು ಹಿಂದೆ ಬರೆಯುತ್ತಿರಲಿಲ್ಲ, ಈಗ ಬರೆಯುತ್ತೇವೆ ಎಂದರು. ಹೋಗುವಾಗ, ಅವರ ಅಜ್ಜ ಮತ್ತು ಮುತ್ತಜ್ಜ ನಮ್ಮ ಊರಿಗೆ ವಂಶಾವಳಿ ಓದಲು ಬರುತ್ತಿದ್ದರೆಂದು ಒಂದು ಕಾಗದ ಬರೆದುಕೊಡಲು ಸಾಧ್ಯವೇ ಎಂದು ಸಂಕೋಚದಿಂದ ಕೇಳಿದರು. ಬರೆದುಕೊಟ್ಟೆ. ಉದ್ಯೋಗ ಎಂಬಲ್ಲಿ ಈ ಸಲ ‘ಹೆಳವರು, ಮನೆತನಗಳ ವಂಶಾವಳಿ ಕಾಯುವವರು’ ಎಂದು ಬರೆದಿದ್ದೇನೆ. ಅದಕ್ಕೆ ಊರಿನ ಇನ್ನೂ ಒಂಬತ್ತು ಜನ ಹಿರಿಯರು ಸಹಿ ಹಾಕಿದ್ದಾರೆ, ಇಬ್ಬರು ಹೆಬ್ಬೆಟ್ಟು ಒತ್ತಿದ್ದಾರೆ. ಅದರ ಪ್ರತಿಯನ್ನು ತಮ್ಮ ಅವಗಾಹನೆಗಾಗಿ ಈ ಪತ್ರದೊಂದಿಗೆ ಇಟ್ಟಿದ್ದೇನೆ.

ತಮ್ಮ ವಿಶ್ವಾಸಿ,
ನಿವೃತ್ತ ಕನ್ನಡ ಶಾಲಾ ಶಿಕ್ಷಕ,
ಅಕ್ಕಲಕೋಟ ತಾಲೂಕು, ಸೊಲ್ಲಾಪುರ ಜಿಲ್ಲೆ